'ದಂಡುಪಾಳ್ಯ'ದ ಹೆಣ್ಣು

ಹೊಸಕೋಟೆಯ ಸೀಮೆಯವರಿಗೆ ದಂಡುಪಾಳ್ಯವೆಂಬುದು ಒಂದು ಹಳ್ಳಿಯ ಹೆಸರು. ದಂಡು ಬೀಡುಬಿಟ್ಟ ಪಾಳ್ಯವೆಂದು ಅದಕ್ಕೆ ಅರ್ಥ ಹೇಳಬಹುದು. ಆದರೆ 2012ರಲ್ಲಿ ಶ್ರೀನಿವಾಸ ರಾಜು ಅವರು ನಿರ್ದೇಶಿಸಿದ ಚಲಚ್ಚಿತ್ರವನ್ನು ಕಂಡವರ ಕಿವಿಗೆ ಅದು ಕೊರಳು ಕೊಯ್ಯುವವರ ಬೀಡೆಂದೇ ಕೇಳಿಸುತ್ತದೆ. ಆ ಹೆಸರಿನ ಕೊಲೆಗಡುಕರ ತಂಡವೊಂದು ಬೆಂಗಳೂರಿನ ಸುತ್ತ ಮನೆಗಳನ್ನು ಹೊಕ್ಕು ನಡೆಸಿದ ಘೋರಕೃತ್ಯಗಳೇ ಚಿತ್ರದ ವಸ್ತು.

ಮಹಾತಾರೆಯರ ಆಸರೆಯಿಲ್ಲದೆ ಇದು ಜನವನ್ನು ಸೆಳೆದುದಕ್ಕೆ ಮುಖ್ಯ ಕಾರಣ ಲಕ್ಷ್ಮಿಯ ಪಾತ್ರ. 'ಮುಂಗಾರು ಮಳೆ'ಯ ಸುಕುಮಾರಿಯೆಂದು ಜನರು ಬಲ್ಲ ಪೂಜಾ ಗಾಂಧಿಯವರು ಇಲ್ಲಿ ಕೆದರಿದ ತಲೆಯ, ಎಲೆಯಡಿಕೆಯ ಬಾಯಿಯ ಹೆಂಗಸಾಗಿ ಬರುತ್ತಾರೆ. ಮೋಹಿಸಿ ಕೊಲ್ಲುವ ಹೆಣ್ಣು ಹಳೆಯ ಪಾತ್ರವೇ. ಲಕ್ಷ್ಮಿಯಾದರೋ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳುತ್ತಾಳೆ. ಬಾಯಾರಿ ಬಂದವರಿಗೆ ನೀರು ಕೊಡಬಾರದೆಂದು ಯಾವ ಗೃಹಿಣಿಗೆ ಮನಸ್ಸು ಬಂದೀತು? ಮೋಹಕ್ಕಿಂತ ದಯೆಯನ್ನೇ ಬಲೆಯಾಗಿ ಮಾಡಿಕೊಂಡ ಈ ಕಲ್ಪನೆಯಲ್ಲಿ ಚಿತ್ರದ ನಿಜವಾದ ಭಯವಿದೆ. ನಟಿಯ ಶ್ರಮಕ್ಕೆ ಪ್ರಶಂಸೆ ಸಲ್ಲತಕ್ಕುದೇ.

ಆದರೆ ಈ ಹೆಣ್ಣಿನ ಕ್ರೌರ್ಯಕ್ಕೆ ಮೂಲವೇನು? ಭಾರತದ ಅಂಬೆ ಸೇಡಿಗಾಗಿ ಎರಡು ಜನ್ಮಗಳನ್ನು ಸವೆಸಿದಳು. ಆದರೂ ಅವಳನ್ನು ಕಂಡು ಯಾರೂ ಹೇಸುವುದಿಲ್ಲ. ಭೀಷ್ಮನಿಂದಲೂ ಸಾಲ್ವನಿಂದಲೂ ಅವಳಿಗಾದ ಅನ್ಯಾಯವನ್ನು ಕವಿ ಮೊದಲೇ ಕಾಣಿಸಿದ್ದಾನೆ. ಜನ್ನನ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಅವಳಿಗೂ ಒಂದು ಮನಸ್ಸಿದೆ. ಲಕ್ಷ್ಮಿಗೆ ಅದಿಲ್ಲ. ಆಕೆ ಕತ್ತಿಯಂತೆ ಬರುತ್ತಾಳೆ, ಕತ್ತಿಯಂತೆ ಹೋಗುತ್ತಾಳೆ. ಆದ್ದರಿಂದ ಸೇಡು ಪಾತ್ರವನ್ನು ಬಿಟ್ಟು ಪ್ರೇಕ್ಷಕನನ್ನು ಹಿಡಿಯುತ್ತದೆ. ರವಿಶಂಕರ್ ಅವರ ಪೊಲೀಸ್ ಅಧಿಕಾರಿ ತಂಡದ ಬೆನ್ನುಹತ್ತಿದಾಗ, ನ್ಯಾಯ ದೊರೆಯಲೆಂಬುದಕ್ಕಿಂತ ಚೆನ್ನಾಗಿ ಬೀಳಲೆಂಬ ಆಸೆಯೇ ಮೇಲಾಗುತ್ತದೆ. ಇಂತಹ ಆಸೆಯನ್ನು ಕೆರಳಿಸುವುದು ಸುಲಭದ ಕೆಲಸ. ಅದನ್ನು ಪ್ರಶ್ನಿಸುವ ಧೈರ್ಯ ಈ ಚಿತ್ರಕ್ಕಿಲ್ಲ.

ಆ ಪ್ರಶ್ನೆಯನ್ನು ಐದು ವರ್ಷಗಳ ತರುವಾಯ ಅದೇ ನಿರ್ದೇಶಕರೇ ಎತ್ತಿದುದು ಸೋಜಿಗ. 2017ರ ಮುಂದಿನ ಭಾಗದಲ್ಲಿ ಕಥೆ ಆಪಾದಿತರ ಬಾಯಿಂದ ಹೊರಡುತ್ತದೆ: ಅಪರಾಧ ತಮ್ಮದಲ್ಲ, ಒಪ್ಪಿಗೆ ಹೊಡೆತದಿಂದ ಬಂದುದು. ಅದೇ ನಟಿ, ಅದೇ ವೇಷ; ಆದರೆ ಈಗ ಆಕೆ ಪೆಟ್ಟು ತಿನ್ನುವವಳು. ಅಲ್ಲಿಯೂ ಮನಸ್ಸಿಗಿಂತ ಮೈಯ ಗಾಯಗಳ ಮೇಲೆಯೇ ಕ್ಯಾಮರಾದ ಕಣ್ಣು ಹೆಚ್ಚು. ಎರಡರಲ್ಲಿ ಯಾವುದು ದಿಟವೆಂದು ನಿರ್ದೇಶಕರು ತೀರ್ಮಾನಿಸುವುದಿಲ್ಲ. ಈ ಭಾಗಕ್ಕೆ '2' ಎಂಬ ಬರಿಯ ಅಂಕಿಯನ್ನೇ ಹೆಸರಾಗಿಟ್ಟರು. ಜನರು ಮಾತ್ರ ಅದನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ.