ಹಸಿರು ಚುಕ್ಕೆ ಹೇಳದ ಶೇಂಗಾ

ಬೆಳಗಾವಿಯ ಖಾನಾವಳಿಯಲ್ಲಿ ಮೆನು ಕಾರ್ಡ್ ಕೇಳಿದರೆ ಬಡಿಸುವವರಿಗೆ ನಗು ಬಂದೀತು. ಕೂತ ಕೂಡಲೇ ತಾಟು ಬರುತ್ತದೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಮೊಸರು, ಅಂಚಿಗೆ ಶೇಂಗಾ ಹಿಂಡಿ. 'ನಮಗ ಶೇಂಗಾ ಆಗಿಬರೂದಿಲ್ಲರಿ' ಎಂದರೆ, 'ಹಿಂಡಿ ಹಾಕೂದಿಲ್ಲ ಬಿಡ್ರಿ' ಎಂಬ ಅಭಯ ಸಿಕ್ಕೀತು. ಅದೇ ಶೇಂಗಾ ಪುಡಿಯಾಗಿ, ಎಳ್ಳಿನ ಜೊತೆ, ಬದನೆಕಾಯಿಯ ಹೊಟ್ಟೆಯಲ್ಲಿ ಕೂತಿರುತ್ತದೆ.

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಅಲರ್ಜಿ ತರುವ ಪದಾರ್ಥಗಳನ್ನು ಮೆನುವಿನಲ್ಲೇ ತಿಳಿಸಬೇಕು. 2022ರಿಂದ ಇದು ಜಾರಿಯಲ್ಲಿದೆ. ಆದರೆ ಈ ಕಡ್ಡಾಯ ಕೇಂದ್ರ ಪರವಾನಗಿಯವರಿಗೆ, ಇಲ್ಲವೇ 10 ಅಥವಾ ಹೆಚ್ಚು ಕಡೆ ಶಾಖೆ ಇರುವವರಿಗೆ ಮಾತ್ರ. ನಗರದ ಪಿಜ್ಜಾ ಸರಪಳಿ ಅಂಗಡಿ ಇದರೊಳಗೆ ಬರುತ್ತದೆ. ಖಾನಾಪುರ ತಾಲ್ಲೂಕಿನ ಬೀಡಿಯಂಥ ಊರಿನ ಒಂಟಿ ಖಾನಾವಳಿ ಬರುವುದಿಲ್ಲ. ಮೈದಾ, ಚೀಸ್ ಇರುವುದು ಎದ್ದು ಕಾಣುವ ಕಡೆ ಎಚ್ಚರಿಕೆ. ಎಲ್ಲವೂ ಪುಡಿಯಾಗಿ ಅಡಗುವ ಕಡೆ ಮೌನ.

ಆ ನಿಯಮಗಳ ಅಲರ್ಜಿ ಪಟ್ಟಿಯೂ ಈ ಸೀಮೆಯ ಅಡುಗೆಮನೆ ನೋಡಿ ಬರೆದಂತಿಲ್ಲ. ಗೋಧಿ, ಹಾಲು, ಮೊಟ್ಟೆ, ಮೀನು, ಸಿಗಡಿ, ಸೋಯಾ, ಸಲ್ಫೈಟ್, ಶೇಂಗಾ ಮತ್ತು ಗೋಡಂಬಿ-ಬಾದಾಮಿಗಳಿವೆ, ಎಳ್ಳು ಇಲ್ಲ! ಸಜ್ಜಿರೊಟ್ಟಿಯ ಮೈತುಂಬ ಎಳ್ಳು ಮೆತ್ತುವ ನಾಡಿಗೆ ಇದು ಸಣ್ಣ ಲೋಪವಲ್ಲ. ಐರೋಪ್ಯ ಒಕ್ಕೂಟದ 14ರ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಎರಡೂ ಇವೆ. ಅಮೆರಿಕದ ಪಟ್ಟಿಯಲ್ಲೂ 2023ರಿಂದ ಎಳ್ಳು ಕಡ್ಡಾಯವಾಗಿ ಸೇರಿದೆ. ಬ್ರಿಟನ್ನಿನ ನತಾಶಾ ಎಂಬ 15ರ ಹುಡುಗಿ 2016ರಲ್ಲಿ ಸತ್ತದ್ದು ಬ್ರೆಡ್ಡಿನ ಹಿಟ್ಟಿನಲ್ಲೇ ಕಲಸಿದ್ದ, ಹೊದಿಕೆಯ ಮೇಲೆ ನಮೂದಾಗದ ಎಳ್ಳಿನಿಂದ. ಅವಳ ಹೆಸರಿನ ಕಾನೂನು 2021ರಲ್ಲಿ ಜಾರಿಗೆ ಬಂತು.

'ಶುದ್ಧ ಶಾಕಾಹಾರಿ' ಫಲಕವನ್ನು ಮಾತ್ರ ಯಾರೂ ಮರೆಯುವುದಿಲ್ಲ. ಹಸಿರು ಚುಕ್ಕೆ ಆಚಾರ ಕಾಯುತ್ತದೆ, ಉಸಿರು ಕಟ್ಟುವವರನ್ನಲ್ಲ.

ಹಾಗೆಂದು ಖಾನಾವಳಿಯನ್ನು ಜರೆಯುವುದು ಅನ್ಯಾಯ. ಸರಪಳಿ ಹೋಟೆಲಿನ ಹುಡುಗನಿಗೆ ತನ್ನ ಸಾಸಿನೊಳಗೆ ಏನಿದೆಯೆಂದು ಗೊತ್ತಿರದೆ ಇರಬಹುದು. ಇಲ್ಲಿ ಹಿಂಡಿ ಕುಟ್ಟಿದ ಅಕ್ಕನೇ ಒಲೆಯ ಮುಂದೆ ನಿಂತಿರುತ್ತಾಳೆ. ದಿನದ ಪಲ್ಲೆ ಬರೆಯುವ ಕರಿಹಲಗೆಯಲ್ಲೇ 'ಶೇಂಗಾ, ಎಳ್ಳು ಅದ' ಎಂದು ಒಂದು ಸಾಲು ಸೇರಿಸಲು ಬೇಕಾದ್ದು ಒಂದು ಚೂರು ಸುಣ್ಣದಕಡ್ಡಿ.

ಅಕ್ಕನಿಗೂ ತಿಳಿಯದ್ದೊಂದಿದೆ. ಗೋಧಿ ಒಗ್ಗದವರು ಜೋಳದ ರೊಟ್ಟಿಯನ್ನು ನಂಬಿ ಬರುತ್ತಾರೆ, ಜೊತೆಗೆ ಬ್ಯಾಳಿ ಉಣ್ಣುತ್ತಾರೆ. ಒಗ್ಗರಣೆಯ ಇಂಗಿಗೆ ಹಲವು ಕಂಪನಿಗಳು ಗೋಧಿಹಿಟ್ಟು ಬೆರೆಸುತ್ತವೆ. ಅದನ್ನು ಕಾನೂನಿನಂತೆ ಅಚ್ಚೂ ಹಾಕಿರುತ್ತಾರೆ: ಒಳಗೆ, ಒಲೆಯ ಪಕ್ಕದ ಗೂಡಿನಲ್ಲಿರುವ ಬೆರಳುದ್ದದ ಡಬ್ಬಿಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ.