ಮಾತಿಲ್ಲದ ಪ್ರಾಣಿಯ ಪಾಲಿನ ಕರುಣೆ

ಕೆನಡಾದ ವ್ಯಾಂಕೂವರ್ ನಗರದ ಸ್ಕಿನ್ನಿ ಪಪ್ಪಿ ತಂಡ 1988ರಲ್ಲಿ ಹೊರತಂದ ಆಲ್ಬಮ್ 'ವಿವಿಸೆಕ್ಟ್ ಸಿಕ್ಸ್'. ಎಲೆಕ್ಟ್ರೋ-ಇಂಡಸ್ಟ್ರಿಯಲ್ ಎಂಬ ಪ್ರಕಾರದ ಮುಖ್ಯ ಕೃತಿಗಳಲ್ಲಿ ಇದೂ ಒಂದು. ಸಿಂಥಸೈಜರ್, ಡ್ರಮ್ ಮಷೀನು, ಸಿನಿಮಾಗಳಿಂದ ಕತ್ತರಿಸಿ ತಂದ ದನಿಯ ತುಣುಕುಗಳು, ಇವುಗಳ ನಡುವೆ ಗಾಯಕ ಓಗರ್‌ನ ಸೀಳುಗಂಟಲು. ಇದು ಸಂಗೀತವೇ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಸಂಗೀತದಲ್ಲಿ ಯಂತ್ರ ನಮಗೆ ಹೊಸದಲ್ಲ. ಬಸವನಗುಡಿ, ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ಪಾಠ ಶುರುವಾಗುವುದೇ ಎಲೆಕ್ಟ್ರಾನಿಕ್ ತಂಬೂರಿಯ ಗುಂಡಿ ಒತ್ತಿದ ಮೇಲೆ. ಅಲ್ಲಿ ಯಂತ್ರ ಶ್ರುತಿ ಹಿಡಿದುಕೊಡುತ್ತದೆ, ಇಲ್ಲಿ ಶ್ರುತಿ ಕೆಡಿಸುತ್ತದೆ. ಯಾಕೆ ಕೆಡಿಸುತ್ತದೆ ಎನ್ನುವುದು ಕೇಳಬೇಕಾದ ಪ್ರಶ್ನೆ.

ಉತ್ತರದ ಸುಳಿವು ಹೆಸರಿನಲ್ಲೇ ಇದೆ. ಜೀವಂತ ಪ್ರಾಣಿಯನ್ನು ಪ್ರಯೋಗಕ್ಕಾಗಿ ಕೊಯ್ಯುವುದನ್ನು ಸೂಚಿಸುವ ಆ ಇಂಗ್ಲಿಷ್ ಪದವನ್ನು, ರೋಮನ್ ಅಂಕಿಯ ಆರು ಮೂರು ಸಲ ಕಾಣುವಂತೆ ಬರೆಯಲಾಗಿದೆ. 666 ಬೈಬಲ್ಲಿನಲ್ಲಿ ಮೃಗದ ಸಂಖ್ಯೆ. ಪ್ರಯೋಗಾಲಯದಲ್ಲಿ ಮೃಗ ಯಾರು ಎಂಬುದೇ ಆಲ್ಬಮ್ಮಿನ ಕೇಳ್ವಿ.

'ಗೋವಿನ ಹಾಡು' ಕೇಳಿ ಬೆಳೆದ ನಮಗೆ ಇದಕ್ಕೊಂದು ಉತ್ತರ ಸಿದ್ಧವಾಗಿದೆ. ಪುಣ್ಯಕೋಟಿ ಮಾತು ಕೊಡುತ್ತಾಳೆ, ಕೊಟ್ಟ ಮಾತಿಗೆ ಮರಳಿ ಬರುತ್ತಾಳೆ, ಹುಲಿ ನಾಚಿ ಪ್ರಾಣ ಬಿಡುತ್ತದೆ. ಆ ಕರುಣೆ ನಿಂತಿರುವುದು ಮಾತಿನ ಮೇಲೆ. ಹಸು ಬರೀ ಅಂಬಾ ಎಂದಿದ್ದರೆ ಹುಲಿ ಬಿಡುತ್ತಿತ್ತೇ? ಓಗರ್ ಈ ದಾರಿಯನ್ನು ತಿರುವುಮುರುವು ಮಾಡುತ್ತಾನೆ. ಪ್ರಾಣಿಗೆ ಮನುಷ್ಯನ ಮಾತು ಕೊಡುವ ಬದಲು, ಮನುಷ್ಯನ ಮಾತನ್ನೇ ಯಂತ್ರಗಳಲ್ಲಿ ಅರೆದು ಅರಚಾಟದ ಹತ್ತಿರ ತರುತ್ತಾನೆ. ಮೊದಲ ಸಲ ಕೇಳುವಾಗ ಪದಗಳು ತಿಳಿಯುವುದೇ ಕಷ್ಟ. ತಿಳಿಯದ ನೋವಿಗೆ ನೀವು ಮರುಗಬಲ್ಲಿರಾ ಎಂದು ಆ ದನಿ ನಮ್ಮನ್ನು ಪರೀಕ್ಷಿಸುತ್ತದೆ.

ಪರೀಕ್ಷೆ ಎಲ್ಲ ಹಾಡುಗಳಲ್ಲೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ನಮ್ಮ ಕಾವ್ಯಮೀಮಾಂಸೆ ಬೀಭತ್ಸಕ್ಕೆ ಜುಗುಪ್ಸೆಯನ್ನು ಸ್ಥಾಯಿಯೆನ್ನುತ್ತದೆ. 'ಹ್ಯೂಮನ್ ಡಿಸೀಸ್'ನಂಥ ಹಾಡು ಜುಗುಪ್ಸೆಯಲ್ಲೇ ಉಳಿದುಬಿಡುತ್ತದೆ. ಸದ್ದಿನ ರಾಶಿಯಲ್ಲಿ ನೊಂದವರು ಯಾರೆಂದು ಕಾಣುವುದಿಲ್ಲ, ಕೇಳುಗನಿಗೆ ಭೀಕರತೆಯೇ ರುಚಿಸತೊಡಗುತ್ತದೆ. 'ಟೆಸ್ಚರ್' ಹಾಗಲ್ಲ. ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಎರಡು ನಾಯಿಗಳ ಕಥೆಯ 'ದಿ ಪ್ಲೇಗ್ ಡಾಗ್ಸ್' (1982) ಎಂಬ ಅನಿಮೇಷನ್ ಚಿತ್ರದ ದನಿಗಳು ಅದರಲ್ಲಿವೆ. ಕೆವಿನ್ ಕೀ, ಡ್ವೇನ್ ಗೆಟಲ್ ಕಟ್ಟಿದ ತಾಳದ ಮೇಲೆ ಒಂದು ಸರಳ, ಮ್ಲಾನ ರಾಗರೇಖೆ ಹರಿಯುತ್ತದೆ. ಆ ರೇಖೆ ಇರುವುದರಿಂದಲೇ ಅದು ಮುರಿದಾಗ ನೋವಾಗುತ್ತದೆ. ಬೀಭತ್ಸ ಕರುಣಕ್ಕೆ ದಾಟುವುದು ಇಲ್ಲಿ ಮಾತ್ರ.

ಆ ವರ್ಷದ ಪ್ರವಾಸದಲ್ಲಿ ಓಗರ್ ವೇದಿಕೆಯ ಮೇಲೆ ಗೊಂಬೆ ನಾಯಿಯೊಂದನ್ನು ಕೊಯ್ಯುವ ಅಭಿನಯ ಮಾಡುತ್ತಿದ್ದ. ಅಮೆರಿಕದ ಸಿನ್ಸಿನಾಟಿಯಲ್ಲಿ ಪ್ರೇಕ್ಷಕರೊಬ್ಬರು ಅದನ್ನು ನಿಜದ ನಾಯಿಯೆಂದೇ ತಿಳಿದು ದೂರು ಕೊಟ್ಟರು, ಪೊಲೀಸರು ಬಂದು ಬಂಧಿಸಿದರು. ಕಣ್ಣೆದುರಿನ ಬಟ್ಟೆಯ ನಾಯಿಗೆ ಸಿಕ್ಕ ಆ ತುರ್ತು, ಮುಚ್ಚಿದ ಬಾಗಿಲ ಹಿಂದಿನ ನಾಯಿಗಳಿಗೆ ಎಂದೂ ಸಿಕ್ಕಿರಲಿಲ್ಲ. ಕರುಣೆ ಕಂಡದ್ದಕ್ಕೆ, ತಿಳಿದದ್ದಕ್ಕೆ ಮಾತ್ರ ಓಗೊಡುತ್ತದೆ ಎಂಬ ಮಿತಿಯನ್ನು ಈ ಆಲ್ಬಮ್ ಕಿವಿಯ ಮೂಲಕ ಮುಟ್ಟಿ ತೋರಿಸುತ್ತದೆ. ಹಲವು ಕಡೆ ಸೋತರೂ ಅದನ್ನು ಕೇಳಬೇಕಾದ್ದು ಆ ಕಾರಣಕ್ಕೆ.