ಸೋತವರ ಬೆನ್ನಿಗೆ ನಿಂತವರು

ಜನ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆಂಬ ಮಾತು ಅಮೆರಿಕದ ಶಿಕಾಗೋ ಕಬ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳ ಮಟ್ಟಿಗೆ ಸುಳ್ಳು. 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಮತ್ತೆ ಗೆದ್ದದ್ದು 2016ರಲ್ಲಿ. 108 ವರ್ಷ ಕಾದ ಈ ನಿಷ್ಠೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೇಕೋ ಪೂರ್ತಿ ಹೊಗಳಲು ಮನಸ್ಸು ಬರುವುದಿಲ್ಲ.

ಚೂಯಿಂಗ್ ಗಮ್ ವ್ಯಾಪಾರದ ರಿಗ್ಲಿ ಮನೆತನ 1981ರವರೆಗೆ ತಂಡದ ಒಡೆತನ ಹೊಂದಿತ್ತು. ಪಿ. ಕೆ. ರಿಗ್ಲಿಯವರು ಆಟಕ್ಕಿಂತ ಮೈದಾನದ ಚೆಲುವನ್ನೇ ಜಾಹೀರಾತು ಮಾಡಿದರು. 1937ರಲ್ಲಿ ಗೋಡೆಗೆ ಬಳ್ಳಿ ಹಬ್ಬಿಸಿದರು. ಅಲ್ಲಿ ಆಟವೆಲ್ಲ ಹಗಲು ಬಿಸಿಲಿನಲ್ಲೇ. ದೀಪ ಬಂದದ್ದು 1988ರಲ್ಲಿ. ಸೋತರೂ ಜನ ಬರುತ್ತಾರೆಂದ ಮೇಲೆ ಗೆಲ್ಲುವ ಅವಸರ ಯಾರಿಗೆ? (ತಾಳಿಕೊಂಡವಳ ತಲೆಗೇ ಇನ್ನಷ್ಟು ಕೆಲಸ ಬೀಳುವುದನ್ನು ನಾವೇನು ಕಂಡಿಲ್ಲವೇ!)

ಸೋಲಿಗೆಲ್ಲ 1945ರ ಒಂದು ಮೇಕೆಯ ಶಾಪವೇ ಕಾರಣವೆಂಬ ಕಥೆ ನಗುವಂಥದು. 2003ರಲ್ಲಿ ನಡೆದದ್ದು ಹಾಗಲ್ಲ. ವರ್ಲ್ಡ್ ಸೀರೀಸ್ ಪ್ರವೇಶಕ್ಕೆ ಐದೇ ಔಟ್ ಬಾಕಿಯಿದ್ದಾಗ ಗೋಡೆಯಂಚಿಗೆ ಬಂದ ಚೆಂಡಿಗೆ ಹಲವು ಪ್ರೇಕ್ಷಕರು ಕೈಚಾಚಿದರು. ತಗುಲಿದ್ದು ಒಬ್ಬನ ಕೈಗೆ. ಆಮೇಲೆ ಎಂಟು ರನ್ ಬಿಟ್ಟುಕೊಟ್ಟವರು ಆಟಗಾರರು. ಬೈಗುಳ ಮಾತ್ರ ಆ ಬಡಪಾಯಿಗೆ! ಕಾವಲಿನವರು ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ತಂಡವನ್ನು ವರ್ಷವರ್ಷವೂ ಕ್ಷಮಿಸಿದವರಿಗೆ ತಮ್ಮಂಥವನೊಬ್ಬನನ್ನು ಕ್ಷಮಿಸಲಾಗಲಿಲ್ಲ.

ಆದರೂ ಈ ಅಭಿಮಾನದಲ್ಲಿ ಮಾಲೀಕರಿಗೆ ಸೇರದ ಪಾಲೊಂದಿದೆ. ಅದನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. 2016ರ ಗೆಲುವಿನ ಬೆನ್ನಿಗೇ ಜನ ಬಣ್ಣದ ಸೀಮೆಸುಣ್ಣ ಹಿಡಿದು ಮೈದಾನದ ಇಟ್ಟಿಗೆ ಗೋಡೆಯ ಬಳಿ ಬಂದರು. ಈ ದಿನಕ್ಕಾಗಿ ಕಾದು ಕಾದು ತೀರಿಕೊಂಡ ಅಪ್ಪನ, ಅಜ್ಜಿಯ, ತಾತನ ಹೆಸರನ್ನು ಒಂದೊಂದಾಗಿ ಬರೆದರು.